ಬದುವಿನ ಸೊಪ್ಪು, ಬೆವೆತ ಅಣ್ಣತಮ್ಮಂದಿರು

ಮೂರನೇ ತುತ್ತು ಗಂಟಲಲ್ಲಿರುವಾಗ "ಈ ಸೊಪ್ಪು ಎಲ್ಲಿಯದು?" ಎಂದು ಯಾರೂ ಕೇಳಬಾರದು. ಕಳೆದ ಭಾನುವಾರ ನಾನು ಕೇಳಿಬಿಟ್ಟೆ.

ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಅಣ್ಣನ ಮನೆ. ರತ್ನಮ್ಮ ಅತ್ತಿಗೆ ಬಡಿಸಿದ ಬಿಸಿ ಮುದ್ದೆ, ಮಸ್ಸೊಪ್ಪು. (ನಾನಿರುವ ರಾಬರ್ಟ್‌ಸನ್‌ಪೇಟೆಯ ಯಾವ ಹೋಟೆಲಿನಲ್ಲೂ ಈ ರುಚಿ ನನಗೆ ಸಿಕ್ಕಿಲ್ಲ.) ಬದುವಿನಲ್ಲಿ ತಾನಾಗಿ ಹುಟ್ಟುವ ನಾಲ್ಕಾರು ಬಗೆಯ ಬೆರಕೆ ಸೊಪ್ಪು ಕಿತ್ತು, ಬೇಯಿಸಿ, ಮಸೆಯುವುದು ನಮ್ಮ ಕಡೆಯ ಪದ್ಧತಿ.

"ನಮ್ ಗದ್ದೆ ಬದೀಂದೇ ಕಣಪ್ಪಾ. ಬೆಳಿಗ್ಗೆ ಕಿತ್ಕೊಂಡ್ ಬಂದೆ" ಎಂದರು ಅತ್ತಿಗೆ.

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ನನ್ನದೂ. ಹಿಂದಿನ ದಿನವಷ್ಟೇ ಅವನು ಗದ್ದೆಗೂ ಬದುವಿಗೂ ಕಳೆ ಔಷಧಿ ಹೊಡೆದಿದ್ದ. ಮಾಸ್ಕಿಲ್ಲ, ಗ್ಲೌಸಿಲ್ಲ; ಕೋಲು ಸಿಗಲಿಲ್ಲವೆಂದು ಬರಿಗೈಯಲ್ಲೇ ಕಲಸಿದ್ದನಂತೆ! ಆ ಡಬ್ಬಿಯನ್ನು ಸ್ಕೂಟರಿನಲ್ಲಿ ತಂದುಕೊಟ್ಟ ಮಹಾನುಭಾವ ಯಾರು? ನಾನೇ.

"ಕಳೆ ಕೀಳಾಕೆ ಜನ ಎಲ್ಲವ್ರೆ? ಎಲ್ರೂ ಟ್ರೈನ್ ಅತ್ಕೊಂಡ್ ಬೆಂಗ್ಳೂರ್ಗೆ ಓಗ್ತಾರೆ" ಎಂದು ಅಣ್ಣ ಗೋಳಾಡಿದಾಗ ಔಷಧಿಯ ಐಡಿಯಾ ಕೊಟ್ಟವನೂ ನಾನೇ. ಪುಕ್ಕಟೆ ಸಲಹೆಗೆ ಬರವೇ?

ಅತ್ತಿಗೆ ನಾಟಿಗೆ ಮೊದಲೇ ಹೇಳಿದ್ದರು. ಹಗ್ಗ ಹಿಡಿದು ಸಾಲಾಗಿ ನೆಟ್ಟರೆ, ನಡುವೆ ಕೈಯಲ್ಲಿ ತಳ್ಳುವ ವೀಡರ್ ಓಡಿಸಬಹುದು; ಕಳೆ ಅಲ್ಲೇ ಕೆಸರಿಗೆ ಸೇರಿ ಗೊಬ್ಬರವಾಗುತ್ತದೆ, ದಿನವಿಡೀ ಸೊಂಟ ಬಗ್ಗಿಸುವ ಪಾಡೂ ಇಲ್ಲ ಎಂದು. ಅಣ್ಣ ನಕ್ಕಿದ್ದ. "ಬತ್ತಕ್ಕೂ ಪೆರೇಡ್ ಮಾಡುಸ್ತೀಯೇನೇ?"

ಸರಿ, ಎಲ್ಲೆಂದರಲ್ಲಿ ನೆಟ್ಟರು. ಅಂಥ ಗದ್ದೆಗೆ ವೀಡರ್ ಇಳಿಸಿದರೆ ಕಳೆಗಿಂತ ಮೊದಲು ಪೈರೇ ಮಲಗುತ್ತದೆ. ಅತ್ತಿಗೆ ಮಾತ್ರ ಹಟ ಹಿಡಿದು ಒಂದು ಮೂಲೆಯಲ್ಲಿ ತಾವೇ ಸಾಲು ನಾಟಿ ಮಾಡಿದ್ದರು.

ಈಗ ಮತ್ತೆ ಊಟಕ್ಕೆ ಬನ್ನಿ. ಅಣ್ಣ ಹಿತ್ತಲಿಗೆ ಓಡಿ ಬಾಯಿಗೆ ಬೆರಳು ಹಾಕುತ್ತಿದ್ದ. ನಾನು ಆಸ್ಪತ್ರೆಗೆ ಹೊರಡಲು ಸ್ಕೂಟರ್ ಕೀ ಹುಡುಕುತ್ತಿದ್ದೆ. (ಕೀ ಎಡಗೈಯಲ್ಲೇ ಇತ್ತು.) ಅತ್ತಿಗೆ ಆರಾಮಾಗಿ ಇನ್ನೊಂದು ತುತ್ತು ಮುರಿದು ನುಂಗಿದರು.

"ಕೂತ್ಕಳ್ರಪ್ಪಾ. ನನ್ ಮೂಲೆ ಬದೀಂದ ಕಿತ್ತಿದ್ದು. ಅಲ್ಲಿ ಔಸ್ದಿ ಒಡಿಯಾಕೆ ನಾನು ಬಿಟ್ಟಿದ್ನಾ? ಗದ್ದೆಗ್ ಒಡಿಯೋವಾಗ ಇಲ್ದಿದ್ ಬಯ ತಟ್ಟೆಗ್ ಬಂದ್ಮೇಲೆ ಬಂತಾ?"

ಇಬ್ಬರೂ ಪೆಚ್ಚಾದೆವು. ಊಟ ಮುಗಿಸಿ ಹೋಗಿ ನೋಡಿದರೆ ಅತ್ತಿಗೆಯ ಮೂಲೆ ಆಗಷ್ಟೇ ಕ್ಷೌರ ಮಾಡಿಸಿಕೊಂಡ ಗಲ್ಲದಷ್ಟು ಕ್ಲೀನು. "ಬರೋ ಸಲ ನಾಟಿಗೆ ಅಗ್ಗ ನಾನೇ ಇಡ್ಕೋತೀನಿ ಬಿಡು" ಎಂದು ಅಣ್ಣ ಗೊಣಗಿದ.

ಅಷ್ಟರಲ್ಲಿ ನನಗೆ ಇನ್ನೊಂದು ವಿಷಯ ನೆನಪಾಯಿತು. ಪ್ರತಿ ಸುಗ್ಗಿಗೂ ಇದೇ ಗದ್ದೆಯಿಂದ ನನ್ನ ಮನೆಗೆ ಒಂದು ಮೂಟೆ ಅಕ್ಕಿ ಬರುತ್ತದೆ. ಮೆಲ್ಲಗೆ ಕೇಳಿದೆ, "ಅತ್ತಿಗೆ, ಈ ಸಲ ನನ್ನ ಮೂಟೆ ನಿಮ್ಮ ಮೂಲೆಯದೇ ತಾನೇ?"

"ಅದೆಂಗಾಯ್ತದೆ? ಡಬ್ಬಿ ತಂದ್ಕೊಟ್ಟೋರ್ಗೆ ಔಸ್ದಿ ಒಡ್ದಿರೋ ಕಡೇದೇ ಅಲ್ವೇನಪ್ಪಾ?"