ಹಣಿಗೆಯ ಅಳತೆ

ಮೊಳಕಾಲ್ಮೂರಿನ ಈ ಮನೆಯಲ್ಲಿ ಮೂರು ರೇಷ್ಮೆ ಮಗ್ಗಗಳಿವೆ. ಸೊಸೆಯಾಗಿ ಬಂದ ಮೇಲೆ, ಸೀರೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ ಎಂಬುದಷ್ಟೇ ಕಾರಣ.

ಒಂದು ಸೋಮವಾರ ಚಳ್ಳಕೆರೆಯ ತರಬೇತಿ ಕೇಂದ್ರವೊಂದರಿಂದ ಫೋನ್ ಬಂತು. ನಾನು ನಕ್ಷೆಗೆ ಬಳಸುವ ಸಾಫ್ಟ್‌ವೇರನ್ನೇ ವಾರಕ್ಕೆ ಮೂರು ದಿನ ಹೆಣ್ಣುಮಕ್ಕಳಿಗೆ ಕಲಿಸಬೇಕು. ಶನಿವಾರದೊಳಗೆ ತಿಳಿಸಿ ಎಂದರು. ಬಸ್ಸಿಗೆ ಯಾವ ಸೀರೆ ಉಡುವುದೆಂದು ಕೂಡ ಯೋಚಿಸಿಬಿಟ್ಟೆ.

ಗಂಡನನ್ನು ಕೇಳಿದೆ. "ಅವ್ವನ್ನ ಕೇಳು. ಅವ್ವ ಹೂಂ ಅಂದ್ರೆ ನಂದೇನೈತೆ?"

ಅತ್ತೆ ಶೇಂಗಾ ಸುಲಿಯುತ್ತಿದ್ದರು. "ನಿನ್ ಗಂಡ ಕಳಿಸ್ತೀನಿ ಅಂದ್ರೆ ನಾನ್ಯಾಕವ್ವಾ ಅಡ್ಡ ಬರ್ಲಿ?"

"ಅವರು ನಿಮ್ಮನ್ನೇ ಕೇಳು ಅಂದ್ರು, ಅತ್ತೆ."

"ಕೇಳಿದ್ಯಲ್ಲ, ಹೇಳಿದ್ನಲ್ಲ. ಹೋಗಿ ಅವನ್ನ ಕೇಳು."

ಒಡೆದ ಸಿಪ್ಪೆಯೊಂದು ನನ್ನ ಕಾಲ ಮೇಲೆ ಬಿತ್ತು. ಮೂರು ದಿನ ಹೀಗೇ ಇಬ್ಬರ ನಡುವೆ, ಅಡುಗೆಮನೆಗೂ ಅಂಗಳಕ್ಕೂ ಓಡಾಡಿದೆ.

ಅದೇ ವಾರ ಹೊಸ ಸೀರೆಯ ನಕ್ಷೆ ಕೈಕೊಟ್ಟಿತು. ಅಂಚನ್ನು ದೊಡ್ಡದು ಮಾಡಿದ್ದೆ. ಒಟ್ಟು ಅಗಲದಲ್ಲಿ ಎರಡು ಅಂಚು ಕಳೆದರೆ ಒಡಲಿನ ಅಗಲ ಎಂದು ಒಂದು ಸೂತ್ರ ಕೊಟ್ಟೆ. ಒಡಲು, ಅಂಚು ಕೂಡಿದರೆ ಒಟ್ಟು ಅಗಲ ಎಂದು ಇನ್ನೊಂದು. ಪರದೆಯ ಮೇಲೆ ಕೆಂಪು ಅಕ್ಷರ: ಸರ್ಕ್ಯುಲರ್ ಡಿಪೆಂಡೆನ್ಸಿ. ಒಡಲಿಗೆ ಒಟ್ಟು ಅಗಲ ಗೊತ್ತಾಗಬೇಕು, ಒಟ್ಟು ಅಗಲಕ್ಕೆ ಒಡಲು. ಕಂಪ್ಯೂಟರ್ ಆರಿಸಿ ಹಚ್ಚಿದೆ. ಮತ್ತೆ ಮತ್ತೆ ಲೆಕ್ಕ ಹಾಕು ಎಂಬ ಆಯ್ಕೆಯನ್ನೂ ಒತ್ತಿದೆ. ಸೀರೆಯ ಅಗಲ ಸೊನ್ನೆ ಎಂದು ತೋರಿಸಿತು.

ನಕ್ಷೆ ಆಯಿತೇ ಎಂದು ಕೇಳಲು ಬಂದ ನಮ್ಮ ಮಗ್ಗದ ಹಿರಿಯ ನೇಕಾರರೊಬ್ಬರು ನಕ್ಕರು. "ಸೊನ್ನೆ ಅಗಲದ ಸೀರೆ ಯಾರು ಉಡ್ತಾರಮ್ಮಾ?"

ತೊಡಕನ್ನು ವಿವರಿಸಿದೆ. ಅವರು ಮಗ್ಗದ ಹಣಿಗೆಯನ್ನು ತೋರಿಸಿದರು. ಉದ್ದಕ್ಕೆ ಹೂಡಿದ ಹಾಸಿನ ಎಳೆಗಳೆಲ್ಲ ಅದರ ಹಲ್ಲುಗಳ ನಡುವೆ ಹಾಯುತ್ತವೆ. ಅದೆಷ್ಟು ಅಗಲವೋ ಸೀರೆಯೂ ಅಷ್ಟೇ.

"ನೀವೇನ್ ಬರ್ಕೊಂಡ್ರೂ ಇದು ಹಿಗ್ಗಲ್ಲ, ಕುಗ್ಗಲ್ಲ. ನಾವು ಇಲ್ಲಿಂದ್ಲೇ ಶುರು ಮಾಡೋದು. ನಿಮ್ ಪೆಟ್ಟಿಗೆಗೆ ಅದನ್ನ ಯಾರೂ ಹೇಳಿಲ್ವಾ?"

ಟೇಪು ಹಿಡಿದು ಹಣಿಗೆ ಅಳೆದೆ. ಒಟ್ಟು ಅಗಲದ ಸೂತ್ರ ಅಳಿಸಿ, ಆ ಜಾಗದಲ್ಲಿ ಅಳತೆಯನ್ನೇ ಕೈಯಾರೆ ಬರೆದೆ. ಕೆಂಪು ಹೋಯಿತು. ಒಡಲಿನ ಅಗಲ ತಾನಾಗಿಯೇ ಬಂತು.

ಅಂದು ಗುರುವಾರ. ಮನೆಯ ಸುತ್ತು ಕೂಡ ನನಗೆ ಅಲ್ಲೇ ಕಾಣಿಸಿತು. ಹೋಗುತ್ತೇನೆ ಎಂಬ ಒಂದು ಮಾತನ್ನು ನಾನೇ ಇಟ್ಟುಬಿಟ್ಟರೆ ಸಾಕಿತ್ತು. ಆದರೆ ಕಾನ್ವೆಂಟಿನಲ್ಲಿ ಸಿಸ್ಟರ್ ಹೂಂ ಅನ್ನುವವರೆಗೆ ಬೆಂಚು ಬಿಟ್ಟು ಏಳಬಾರದೆಂದು ಹತ್ತು ವರ್ಷ ಕಲಿತಿದ್ದೆ. ಒಳ್ಳೆಯ ನಡತೆಗೆ ಬಹುಮಾನವನ್ನೂ ತಂದಿದ್ದೆ. ಶನಿವಾರ ಗಂಡನನ್ನು ಇನ್ನೊಮ್ಮೆ ಕೇಳಿದೆ. "ಅವ್ವ ಏನಂದ್ಲು?" ಎಂದರು.

ಮುಂದಿನ ಸೋಮವಾರ, ಬೇರೆಯವರನ್ನು ತೆಗೆದುಕೊಂಡೆವು ಎಂದು ಕೇಂದ್ರದವರು ತಿಳಿಸಿದರು. ಮಧ್ಯಾಹ್ನ ಮುದ್ದೆ ಬಡಿಸುತ್ತ ಅದನ್ನು ಹೇಳಿದೆ.

"ನಾನೇನ್ ಬೇಡ ಅಂದಿದ್ನಾ?" ಎಂದರು ಗಂಡ.

"ನಾನೂ ಅನ್ಲಿಲ್ಲಪ್ಪ," ಎಂದರು ಅತ್ತೆ. "ಅವಳಿಗೇ ಮನ್ಸಿರ್ಲಿಲ್ವೇನೋ. ಇನ್ನೊಂಚೂರು ಸಾರು ಹಾಕವ್ವಾ."

ಹಾಕಿದೆ. ಅವರ ಮಾತು ಸುಳ್ಳೆಂದು ಹೇಳುವಂತಿರಲಿಲ್ಲ. ಬೇಡ ಎಂದು ಇಬ್ಬರೂ ಒಮ್ಮೆಯೂ ಅಂದಿರಲಿಲ್ಲ.