ಮೇಲೆ ಕೆಳಗೆ ಹೋದರೆ ನನ್ನದು

ಮಧ್ಯಾಹ್ನ ಊಟದ ಹೊತ್ತು ಕಳೆದರೆ ಟಾನ್ನಿ ಸುಸಾರಾ ಅವರ ಗ್ಯಾರೇಜಿನಿಂದ ಒಂದು ಸದ್ದು ಬರುತ್ತದೆ, ಮೊರದಲ್ಲಿ ಒಣ ಕಾಳು ಕೇರಿದ ಹಾಗೆ. ಬಂದೂಕಿನ ಖಾಲಿ ಹಿತ್ತಾಳೆ ತೋಟೆಗಳು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಉರುಳಿ ಹೊಳಪಾಗುವ ಸದ್ದು ಅದು. ಅದು ನಿಂತ ಮೇಲೆ ಇನ್ನೊಂದು ಶುರು: ಟಿಣ್, ಟಿಣ್. ಒಂದೊಂದು ಹಿತ್ತಾಳೆಯನ್ನೂ ಕಲ್ಲಿನ ಮೆಟ್ಟಿಲ ಮೇಲೆ ಬೀಳಿಸಿ ಅವರು ಕಿವಿಗೊಡುತ್ತಾರೆ. ಕುತ್ತಿಗೆ ಬಿರಿದದ್ದು ಹಾಗೆ ಹಾಡುವುದಿಲ್ಲ.

ಊರಿನ ಅರ್ಧ ಜನಕ್ಕೆ ಅವರು ಟಾನ್ನಿ, ಎಂದರೆ ಚಿಕ್ಕಮ್ಮ. ಫ್ರಿಕ್ಕಿಗೆ ಮಾತ್ರ ನಿಜವಾದ ಚಿಕ್ಕಮ್ಮ, ತೀರಿಹೋದ ಗಂಡನ ಅಣ್ಣನ ಮಗ ಅವನು. ಆ ಆಗಸ್ಟಿನಲ್ಲಿ ಜಿಲ್ಲೆಯ ಗುರಿಕಾರರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಶನಿವಾರದ ಸ್ಪರ್ಧೆಯಲ್ಲಿ ಇವರಿಬ್ಬರಲ್ಲಿ ಗೆದ್ದವರಿಗೆ ಅದು. ಟಾನ್ನಿಯ ಬಲಗಣ್ಣಿಗೆ ಪೊರೆ ಬರುತ್ತಿತ್ತು. ಮುಂದಿನ ವರ್ಷ ಎಂಬುದು ಅವರಿಗಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು.

ಸೋಮವಾರ ಒಂದು ತೋಟೆ ಮೆಟ್ಟಿಲಿಗೆ ಬಿದ್ದು ಟಪ್ ಎಂದಿತು. ಟಾನ್ನಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸ್ಪರ್ಧೆಗೆಂದೇ ಎತ್ತಿಟ್ಟಿದ್ದ ಡಬ್ಬಿಯನ್ನೇ ಗುಜರಿ ಬಕೆಟ್ಟಿಗೆ ಬಗ್ಗಿಸಿದರು.

ಕಾಫಿಗೆ ರಸ್ಕ್ ಅದ್ದುತ್ತ ಕೂತಿದ್ದ ಫ್ರಿಕ್ಕಿ ನಕ್ಕ. "ಕುಂಬಳಕಾಯಿ ತಟ್ಟಿ ನೋಡೋ ಹಾಗೆ ನೋಡ್ತೀರಲ್ಲ ಟಾನ್ನಿ. ಒಂದು ಒಡೆದ್ರೆ ಒಂದನ್ನ ಎಸೀರಿ."

"ಎಲ್ಲಾ ಒಂದೇ ದಿನ ಹುಟ್ಟಿದ್ದು, ಒಂದೇ ಸಮ ದುಡಿದಿದ್ದು. ಒಂದು ಸುಸ್ತಾಗಿದೆ ಅಂದ್ರೆ ಉಳಿದವು ಬಾಯಿ ಬಿಟ್ಟು ಹೇಳಿಲ್ಲ, ಅಷ್ಟೇ."

ಉಳಿದದ್ದು ಹೊಸ ಹಿತ್ತಾಳೆ, ಒಮ್ಮೆಯೂ ಬೆಂಕಿ ಕಾಣದ್ದು. ಅವನ್ನು ಒಂದೊಂದಾಗಿ ತೂಗಿದರು. ಭಾರ ಬಂದದ್ದರ ಗೋಡೆ ದಪ್ಪ, ಒಳಗೆ ಮದ್ದಿಗೆ ಜಾಗ ಕಡಿಮೆ, ಒತ್ತಡ ಹೆಚ್ಚು. ಅಂಥವನ್ನು ಬೇರೆ ಇಟ್ಟರು. ಫ್ರಿಕ್ಕಿ ತೋಟೆಯ ಬುಡದಲ್ಲಿ ಕೂತು ಮದ್ದಿಗೆ ಕಿಡಿ ತಾಗಿಸುವ ತನ್ನ ಜೋರು ಕೇಪುಗಳ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕಿಡಿ ದೊಡ್ಡದಾದಷ್ಟೂ ಒಳ್ಳೆಯದು ಎಂದು ಹೇಳಿ ಹೋದ. ಟಾನ್ನಿ ಬೇಡವೆನ್ನಲಿಲ್ಲ. ಬುಧವಾರ ತಮ್ಮನ ಹೊಲದಲ್ಲಿ ಅವನ್ನೂ ತಮ್ಮ ಮೆದು ಕೇಪುಗಳನ್ನೂ ಹೊಡೆದು ನೋಡಿದರು. ಗುರಿಕಾಗದದಲ್ಲಿ ಜೋರು ಕೇಪಿನ ತೂತುಗಳು ಒಂದರ ಮೇಲೊಂದು ಏಣಿಯ ಹಾಗೆ ನಿಂತವು. ಮೆದುವಿನವು ಅಕ್ಕಪಕ್ಕ ಮಲಗಿದವು. ಪೆಟ್ಟಿಗೆಯನ್ನು ಫ್ರಿಕ್ಕಿಗೆ ಹಿಂದಿರುಗಿಸಿದರು, ಜೊತೆಗೆ ಒಂದು ಬಾಟಲಿ ಏಪ್ರಿಕಾಟ್ ಜಾಮ್.

ಶನಿವಾರ ಬಯಲಿನಲ್ಲಿ ಕೆಂಪು ಧೂಳು ಎದ್ದಿತ್ತು. ನಮ್ಮಲ್ಲಿ ಇಬ್ಬರು ಒಂದೇ ಗುರಿಹಲಗೆಗೆ ಸರದಿಯಲ್ಲಿ ಹೊಡೆಯುತ್ತಾರೆ, ಒಬ್ಬರ ಅಂಕವನ್ನು ಇನ್ನೊಬ್ಬರು ಕೂಗಬೇಕು. ಚಿಕ್ಕಮ್ಮ ಮಗ ಪಕ್ಕಪಕ್ಕದಲ್ಲಿ ಬೋರಲು ಮಲಗಿದರು.

ಪ್ರತಿ ಈಡಿಗೂ ಹಲಗೆ ಕೆಳಗಿಳಿದು, ಗುಂಡು ತಾಗಿದಲ್ಲಿ ಬಿಲ್ಲೆ ಸಿಕ್ಕಿಸಿಕೊಂಡು ಮೇಲೇಳುತ್ತಿತ್ತು. ಫ್ರಿಕ್ಕಿಯ ಕಣ್ಣು ಚುರುಕು, ಗಾಳಿಯನ್ನು ಚೆನ್ನಾಗಿ ಓದುತ್ತಿದ್ದ. ಆದರೆ ಅವನ ಬಿಲ್ಲೆ ಹತ್ತುತ್ತಿತ್ತು, ಇಳಿಯುತ್ತಿತ್ತು. ಟಾನ್ನಿಯದು ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ತಂತಿಯ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಒಂದೇ ಮಟ್ಟದಲ್ಲಿ. ಕೊನೆಯ ಗುಂಡಿನ ಹೊತ್ತಿಗೆ ಇಬ್ಬರೂ ಸಮ.

ಫ್ರಿಕ್ಕಿ ಮೊದಲು ಹೊಡೆದ. ಬಿಲ್ಲೆ ಕಪ್ಪು ವೃತ್ತದ ನೆತ್ತಿ ದಾಟಿ ನಿಂತಿತ್ತು. ಟಾನ್ನಿ ಅದನ್ನು ಮೆಲ್ಲಗೆ ಕೂಗಿದರು, "ಮೂರು."

ಆಮೇಲೆ ಅವರು ಕಾದರು. ಬಾವುಟ ಸೋತು ಕಂಬಕ್ಕೆ ಅಂಟಿತು. ಅವರ ಬೆರಳು ಮಡಚಿದ್ದು ಹಿಂದೆ ನಿಂತಿದ್ದ ನನಗೆ ಕಾಣಲಿಲ್ಲ, ಭುಜ ಮಾತ್ರ ಅಲುಗಿತು. ಹಲಗೆ ಇಳಿಯಿತು. ಎದ್ದಾಗ ಬಿಲ್ಲೆ ತುಸು ಎಡಕ್ಕಿತ್ತು, ಅದೇ ಮಟ್ಟದಲ್ಲಿ, ನಡುವಿನ ವೃತ್ತದ ಒಳಗೆ.

ಫ್ರಿಕ್ಕಿ ಗಂಟಲು ಸರಿಮಾಡಿಕೊಂಡ. "ಐದು," ಎಂದು ಸಾಲಿನ ಆ ತುದಿಗೂ ಕೇಳುವಂತೆ ಕೂಗಿದ.

ಟಾನ್ನಿ ಎದ್ದು ಮೊಣಕೈ ಧೂಳು ಕೊಡವಿದರು. ಟೋಪಿ ಸರಿಮಾಡಿಕೊಂಡ ರೀತಿಯಲ್ಲೇ ಗೆದ್ದ ಖುಷಿ ಗೊತ್ತಾಗುತ್ತಿತ್ತು.

"ಗಾಳಿ ನಾನೇ ಚೆನ್ನಾಗಿ ನೋಡಿದ್ದೆ," ಎಂದ ಫ್ರಿಕ್ಕಿ.

"ನೀನೇ ನೋಡಿದ್ದೆ ಕಣೋ. ಎಡಬಲ ಹೋದ್ರೆ ಗಾಳೀದು. ಮೇಲೆ ಕೆಳಗೆ ಹೋದ್ರೆ ನಂದು, ನನ್ನ ಗ್ಯಾರೇಜಿಂದು. ಆ ತಪ್ಪನ್ನ ಗಾಳಿ ಮೇಲೆ ಹಾಕೋಕಾಗಲ್ಲ."

"ಆ ಕೇಪು ಯಾವ್ದು ಅಂತಾದ್ರೂ ಹೇಳಿ ಟಾನ್ನಿ."

"ಕೇಪು ಆಮೇಲಿನ ಮಾತು. ಮೊದ್ಲು ನಿನ್ನ ಡಬ್ಬೀನೆಲ್ಲ ಮೆಟ್ಟಿಲ ಮೇಲೆ ತಂದು ಸುರಿ, ಊರೂರಿನ ಹಿತ್ತಾಳೆ ಬೆರೆಸಿದ್ದೀಯಲ್ಲ, ಅದನ್ನ ಬೇರೆ ಬೇರೆ ಮಾಡು, ಅದಾದ್ಮೇಲೆ ನಾನೇ..." ಎನ್ನುತ್ತಲೇ ಅವರು ಬಗ್ಗಿ ತಮ್ಮ ಖಾಲಿ ತೋಟೆಗಳನ್ನು ಆಯ್ದು ಏಪ್ರನ್ ಜೇಬಿಗೆ ಹಾಕಿಕೊಂಡು ಕಾಫಿ ಮೇಜಿನ ಕಡೆ ನಡೆದುಬಿಟ್ಟರು. ಜೇಬು ಟಿಣ್ ಟಿಣ್ ಅನ್ನುತ್ತಿತ್ತು, ಮಾತು ಇನ್ನೂ ಮುಗಿದಿರಲಿಲ್ಲ, "ಒಂದೊಂದನ್ನೂ ಬೀಳಿಸಿ ಕೇಳು, ಅವಸರ ಮಾಡ್ಬೇಡ, ಅದು ಹಾಡಿದ್ರೆ ಮಾತ್ರ..."