ಕಡ್ಲಿ ಹೊಲದಲ್ಲಿ ನಾನು ಮಾಡಿದ ಭಾಷಣ

ಹೋದ ವರ್ಷ ಹಿಂಗಾರಿಯಲ್ಲಿ ನಾನು ರೈತರಿಗೆ ಇಪ್ಪತ್ತು ನಿಮಿಷ ಕೃಷಿ ಕಲಿಸಿದೆ.

ಅರ್ಹತೆ ಕೇಳಬೇಡಿ. ಕೊಪ್ಪಳದ ನಮ್ಮ ಮನೆಯ ಟೆರೇಸಿನ ಮೇಲೆ ಮೂರು ಕುಂಡಗಳಿವೆ. ಎರಡರಲ್ಲಿ ಬರೀ ಮಣ್ಣು. ಮೂರನೆಯದರಲ್ಲಿ ತುಳಸಿ ಬದುಕಿದೆ, ಯಾಕೆಂದರೆ ಅದಕ್ಕೆ ನೀರು ಹಾಕುವವಳು ನನ್ನ ಹೆಂಡತಿ. ಇಂಥ ನನ್ನನ್ನು ಯಲಬುರ್ಗಾ ಹತ್ತಿರದ ಹಳ್ಳಿಯೊಂದರ ಕ್ಷೇತ್ರೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ಬರಬೇಕಿದ್ದ ದೊಡ್ಡವರು ಹಿಂದಿನ ದಿನ ಕೈಕೊಟ್ಟಿದ್ದರು. ಪೇಪರಿನಲ್ಲಿ ವಾರವಾರ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಸಂಘಟಕರು ತಿಳಿದಿದ್ದರು. (ನಾನೂ ಅಲ್ಲಗಳೆಯಲಿಲ್ಲ. ಶಾಲು ಹೊದಿಸುತ್ತೇವೆ ಅಂದರೆ ಯಾರು ಅಲ್ಲಗಳೆಯುತ್ತಾರೆ?)

ಕಾರ್ಯಕ್ರಮ ಇದ್ದದ್ದು ನಮ್ಮ ದೊಡ್ಡವ್ವನ ಹೊಲದಲ್ಲೇ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ, ನಿಂಗವ್ವ. ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಆ ಎರಿಮಣ್ಣಿನ ಹೊಲದಲ್ಲಿ ಕಡ್ಲಿ ಬಿತ್ತುತ್ತಿದ್ದಾಳೆ. ರಸ್ತೆ ಪಕ್ಕದ ಹೊಲ, ಜೀಪು ಸಲೀಸಾಗಿ ಬರುತ್ತದೆ. ಪ್ರಾತ್ಯಕ್ಷಿಕೆಗೆ ಹೊಲ ಆರಿಸುವ ವೈಜ್ಞಾನಿಕ ವಿಧಾನ ಇದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಶಾಮಿಯಾನವನ್ನು ಬೆಳೆಯ ಮೇಲೆಯೇ ಹಾಕಿದ್ದರು. ನಾಲ್ಕು ಸಾಲು ಕಡ್ಲಿ ನಮ್ಮ ಕುರ್ಚಿಗಳ ಕೆಳಗೆ ಹೋಯಿತು.

ಅವತ್ತಿನ ವಿಷಯ: ‘ಕಡಲೆಯಲ್ಲಿ ಕುಡಿ ಚಿವುಟುವ ತಂತ್ರಜ್ಞಾನ’.

ಗಿಡಕ್ಕೆ ತಿಂಗಳಾದಾಗ ಮೇಲಿನ ಕುಡಿ ಚಿವುಟಿದರೆ ಪಕ್ಕದಲ್ಲಿ ಟಿಸಿಲು ಒಡೆಯುತ್ತವೆ, ಹೂ ಹೆಚ್ಚು, ಕಾಯಿ ಹೆಚ್ಚು. ನಿಜವಾದ ಮಾತೇ. ಅದಕ್ಕೊಂದು ಬ್ಯಾಟರಿ ಮಷಿನ್ ಬಂದಿದೆ. ಬೆನ್ನಿಗೆ ಕಟ್ಟಿಕೊಂಡು ನಡೆದರೆ ಸರಸರ ಕತ್ತರಿಸುತ್ತದೆ. ಅದೂ ಒಳ್ಳೆಯದೇ. ದೊಡ್ಡ ಹೊಲದವರಿಗೆ ಆಳು ಎಲ್ಲಿ ಸಿಗುತ್ತಾರೆ?

ಆದರೆ ಇದನ್ನು ಕಲಿಸುತ್ತಿದ್ದದ್ದು ಯಾರಿಗೆ? ಮುಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣುಮಕ್ಕಳೆಲ್ಲ ವರ್ಷವರ್ಷವೂ ಕಡ್ಲಿ ಪಲ್ಲೆಗೆ ಅಂತ ಕುಡಿ ಚೂಟಿ ಚೂಟಿ ಬೆರಳು ಹುಳಿ ಮಾಡಿಕೊಂಡವರು. ಪ್ರೊಜೆಕ್ಟರಿನ ಪರದೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಏನೂ ಕಾಣುತ್ತಿರಲಿಲ್ಲ. ಕೃಷಿ ಇಲಾಖೆಯ ಸಾಹೇಬರು ಮಾತ್ರ ಒಂದೊಂದೇ ಸ್ಲೈಡ್ ವಿವರಿಸುತ್ತಿದ್ದರು. ಬೇಸರವಾಗಿ ದೊಡ್ಡವ್ವ ಕೂತಲ್ಲೇ ಕೈಗೆ ಸಿಕ್ಕ ಗಿಡಗಳ ಕುಡಿ ಚೂಟಿ ಉಡಿಗೆ ಹಾಕಿಕೊಳ್ಳತೊಡಗಿದಳು.

ಸಾಹೇಬರು ನೋಡಿದರು. “ಅಜ್ಜೀ, ಪ್ಲಾಟ್ ಹಾಳ ಮಾಡಬ್ಯಾಡ್ರಿ. ಇದು ಪ್ರಾತ್ಯಕ್ಷಿಕೆ ಐತಿ.”

“ಕುಡಿ ಚೂಟ್ರಿ ಅಂತ ನೀವ ಹೇಳಾಕತ್ತೀರಲ್ರಿ?” ಅಂದಳು ದೊಡ್ಡವ್ವ.

“ಹಂಗಲ್ಲ. ಇದನ್ನ ಮಷಿನ್‌ಲೇ ಮಾಡಬೇಕು.”

ದೊಡ್ಡವ್ವ ಕೈ ಮಡಚಿಕೊಂಡು ಕೂತಳು. ಆಮೇಲೆ ನನ್ನ ಭಾಷಣ. ರೈತರು ಹಳೆಯದನ್ನು ಬಿಡಬೇಕು, ವಿಜ್ಞಾನವನ್ನು ಅಪ್ಪಿಕೊಳ್ಳಬೇಕು, ಇತ್ಯಾದಿ. ಚಪ್ಪಾಳೆ ಬಂತು. (ಊಟಕ್ಕೆ ಮುಂಚಿನ ಕೊನೆಯ ಭಾಷಣಕ್ಕೆ ಯಾವಾಗಲೂ ಬರುತ್ತದೆ.)

ವೇದಿಕೆಯಿಂದ ಇಳಿಯುವಾಗ ದೊಡ್ಡವ್ವ ಅಡ್ಡ ಬಂದಳು. ಕೈಯಲ್ಲಿ ಬೇರುಸಮೇತ ಕಿತ್ತ ಒಂದು ಕಡ್ಲಿ ಗಿಡ. ಅರ್ಧ ಹಸಿರು, ಅರ್ಧ ಒಣಗಿ ಜೋತುಬಿದ್ದಿತ್ತು.

“ತಮ್ಮಾ, ಆ ಕಡೀ ಮೂಲ್ಯಾಗ ಗಿಡ ಹಿಂಗ ಒಣಗಾಕತ್ತಾವ. ವರ್ಷದಿಂದ ವರ್ಷಕ್ಕ ಜಾಗಾ ದೊಡ್ಡದಾಗಾಕತ್ತೈತಿ. ಅಂಗಡ್ಯಾಂವ ಕೊಟ್ಟ ಔಷಧಿ ಎಣ್ಣಿ ಎಲ್ಲಾ ಹೊಡದೀನಿ. ಸಾಹೇಬ್ರನ್ನ ಒಂದೀಟು ಕೇಳು.”

ನಾನೇನು ಹೇಳಿದೆ ಗೊತ್ತೇ? “ಫೋಟೋ ಮುಗೀಲಿ ದೊಡ್ಡವ್ವ.”

ಫೋಟೋ ಮುಗಿಯಿತು. ಪಲಾವ್ ಮುಗಿಯಿತು. ಸಾಹೇಬರಿಗೆ ಕುಷ್ಟಗಿಯಲ್ಲಿ ಇನ್ನೊಂದು ಕಾರ್ಯಕ್ರಮ ಇತ್ತು. ಅವರು ಗಿಡವನ್ನು ದೂರದಿಂದಲೇ ನೋಡಿ, “ಆಫೀಸಿಗೆ ಬರ್ರಿ, ಮಾತಾಡೂಣು” ಅಂದು ಜೀಪು ಹತ್ತಿದರು. ಆಫೀಸು ಎಷ್ಟು ದೂರ, ದಿನಕ್ಕೆ ಎಷ್ಟು ಬಸ್ಸು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೀಪಿನಲ್ಲಿ ಮಷಿನ್ ಹಿಡಿಸಿತು. ಅದನ್ನು ಬೆಳಗಿನಿಂದ ಬೆನ್ನಿಗೆ ಕಟ್ಟಿಕೊಂಡು ಬಿಸಿಲಲ್ಲಿ ಓಡಾಡಿ ತೋರಿಸಿದ್ದ ಹುಡುಗಿಗೆ ಜಾಗ ಸಾಲಲಿಲ್ಲ. ಅವಳ ಹೆಸರು ಶಶಿಕಲಾ. ಗಂಗಾವತಿ ಕಡೆಯವಳು, ಕೃಷಿಯಲ್ಲಿ ಡಿಗ್ರಿ ಮಾಡಿದ್ದಾಳೆ, ಗುತ್ತಿಗೆ ಕೆಲಸ. “ನಾ ಬಸ್ಸಿಗೆ ಬರ್ತೀನ್ರಿ ಸರ್” ಅಂದು ಅವರನ್ನು ಕಳಿಸಿ, ಸೀದಾ ದೊಡ್ಡವ್ವನ ಹತ್ತಿರ ಬಂದಳು.

“ಅಮ್ಮಾರ, ಆ ಮೂಲಿ ತೋರಸ್ರಿ.”

ನಾನೂ ಹಿಂದೆ ಹೋದೆ, ಶಾಲು ಹೊದ್ದುಕೊಂಡೇ. ಅವಳು ಕಪ್ಪು ಮಣ್ಣಿನಲ್ಲಿ ಮಂಡಿಯೂರಿ ಕೂತು ಒಣಗುತ್ತಿದ್ದ ಗಿಡ ಕಿತ್ತಳು. ಬ್ಯಾಗಿನಿಂದ ಬ್ಲೇಡ್ ತೆಗೆದು ಕಾಂಡವನ್ನು ಉದ್ದಕ್ಕೆ ಸೀಳಿದಳು. ಒಳಗೆ ಕಪ್ಪು ಗೆರೆ ಇತ್ತು. ಪಕ್ಕದ ಹಸಿರು ಗಿಡವನ್ನೂ ಸೀಳಿದಳು. ಅದರ ಒಳಗೆ ಬೆಳ್ಳಗಿತ್ತು.

“ಇದು ಸೊರಗು ರೋಗ ರಿ. ಮಣ್ಣಿನ್ಯಾಗ ಇರ್ತೈತಿ, ಬೇರಿಂದ ಒಳಗ ಏರತೈತಿ. ನೀವು ಮ್ಯಾಲೆ ಎಷ್ಟು ಎಣ್ಣಿ ಹೊಡದ್ರೂ ಮುಟ್ಟಂಗಿಲ್ಲ.”

“ಈಗ ಏನ್ ಮಾಡಬೇಕವಾ?”

“ಒಣಗಿದ್ದನ್ನ ಉಳಸಾಕ ನನ್ನ ಕೈಲೆ ಆಗಂಗಿಲ್ರಿ. ಕಿತ್ತು ಸುಟ್ಟುಬಿಡ್ರಿ. ಈ ಮೂಲ್ಯಾಗ ಒಂದೆರಡು ಮೂರು ವರ್ಷ ಕಡ್ಲಿ ಬ್ಯಾಡ, ಜೋಳ ಹಾಕ್ರಿ.” ಬ್ಲೇಡ್ ಒರೆಸುತ್ತ ಕೇಳಿದಳು, “ಬೀಜ ಎಲ್ಲಿದು?”

ದೊಡ್ಡವ್ವ ಸೀಳಿದ ಗಿಡವನ್ನು ಕೈಗೆತ್ತಿಕೊಂಡಳು. ನಾನೇ ಹೇಳಿದೆ. ಮದುವೆಯಾದ ವರ್ಷ ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ತಂದ ಬೀಜ ಅದು. ಅಲ್ಲಿಂದ ಇಲ್ಲಿತನಕ ಒಂದು ವರ್ಷವೂ ಹೊರಗಿನಿಂದ ತಂದಿಲ್ಲ.

ಶಶಿಕಲಾ ದೊಡ್ಡವ್ವನ ಮನೆಯ ಗಡಿಗೆಯಲ್ಲಿ ಉಳಿದಿದ್ದ ಬೀಜದಿಂದ ಎರಡು ಹಿಡಿ ಕಟ್ಟಿಕೊಂಡು ಹೋದಳು. ನಾನಂತೂ ಅದು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಮ್ಮಲ್ಲಿ ಸ್ಯಾಂಪಲ್ ತಗೊಂಡು ಹೋಗುವವರು ತಿರುಗಿ ಬರುವುದುಂಟೇ?

ಬಂದಳು. ರಜೆಯ ದಿನ, ಯಲಬುರ್ಗಾ ಬಸ್ಸಿಗೆ, ಸ್ವಂತ ಟಿಕೆಟ್ ತೆಗೆದುಕೊಂಡು. ಅವತ್ತು ನಾನೂ ಅಲ್ಲೇ ಇದ್ದೆ. ಭಾಷಣದ ದಿನ ‘ಫೋಟೋ ಮುಗೀಲಿ’ ಅಂದದ್ದು ಒಳಗೆ ಚುಚ್ಚುತ್ತಿತ್ತು, ಅದಕ್ಕೇ ಹೋಗಿದ್ದೆ. ಶಶಿಕಲಾ ಚಾಪೆಯ ಮೇಲೆ ಕೂತು ಮೆಲ್ಲಗೆ ಹೇಳಿದಳು.

“ಬೀಜದಾಗೂ ರೋಗ ಐತ್ರಿ ಅಮ್ಮಾರ. ಗಡಿಗ್ಯಾಗಿಂದು, ಈ ವರ್ಷ ಹೊಲದಾಗ ಬರೋದು, ಎರಡೂ ಮತ್ತ ಬಿತ್ತಬ್ಯಾಡ್ರಿ. ಈ ರೋಗ ತಡಕೊಳ್ಳೋ ತಳಿ ಐತಿ. ಬೀಜಕ್ಕ ಟ್ರೈಕೋಡರ್ಮಾ ಪುಡಿ ಹಚ್ಚಿ ಬಿತ್ತಬೇಕು, ನಾ ತೋರಸ್ತೀನಿ.”

ದೊಡ್ಡವ್ವ ಗಡಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು. “ತಿನ್ನಾಕ ಬರ್ತೈತಿಲ್ಲೋ?”

“ತಿನ್ನಾಕ ಏನೂ ತೊಂದ್ರಿ ಇಲ್ರಿ.”

ದೊಡ್ಡವ್ವ ಎದ್ದು ಗಡಿಗೆಯನ್ನು ಮೊರಕ್ಕೆ ಸುರಿದಳು. ಹುರಿದಳು, ಒಡೆದಳು, ಬೀಸಿದಳು. ಮಧ್ಯಾಹ್ನ ಜೋಳದ ರೊಟ್ಟಿಯ ಜೊತೆ ಆ ಹಿಟ್ಟಿನ ಝುಣಕ ಮಾಡಿ ನಮ್ಮಿಬ್ಬರಿಗೂ ಬಡಿಸಿದಳು. ತಾನು ಮಾತ್ರ ಮೊಸರಿನಲ್ಲಿ ರೊಟ್ಟಿ ತಿಂದಳು. ಇಪ್ಪತ್ತು ನಿಮಿಷ ಭಾಷಣ ಮಾಡಿ ‘ಹಳೆಯದನ್ನು ಬಿಡಿ’ ಅಂದವನಿಗೆ ಹಳೆಯದನ್ನು ಬಿಡುವುದು ಅಂದರೆ ಏನಂತ ಅವತ್ತು ಗೊತ್ತಾಯಿತು.

ಈ ವರ್ಷ ಮೂಲೆಯಲ್ಲಿ ಜೋಳ ನಿಂತಿದೆ. ಉಳಿದ ಹೊಲದಲ್ಲಿ ಹೊಸ ಕಡ್ಲಿ, ಬದುವಿನತನಕ ಹಸಿರು. ಟ್ರೈಕೋಡರ್ಮಾ ದೊಡ್ಡವ್ವನ ಬಾಯಲ್ಲಿ ‘ಡ್ರಾಮಾ ಪುಡಿ’ ಆಗಿದೆ. ಅಲ್ಲೊಂದು ಇಲ್ಲೊಂದು ಗಿಡ ಬಾಡಿದರೆ ತಾನೇ ಕುಡುಗೋಲಿನಿಂದ ಸೀಳಿ, ಕಪ್ಪು ಗೆರೆಯನ್ನು ಅಕ್ಕಪಕ್ಕದ ಹೊಲದವರಿಗೆ ತೋರಿಸುತ್ತಾಳೆ. ಸ್ಲೈಡು ಇಲ್ಲ, ಪರದೆ ಇಲ್ಲ. ಎಲ್ಲರಿಗೂ ಕಾಣುತ್ತದೆ.

ಕಳೆದ ವಾರ ಸಂಘಟಕರು ಮತ್ತೆ ಫೋನ್ ಮಾಡಿದರು. ಈ ಸಲ ಡ್ರೋನ್ ಅಂತೆ. ಶಶಿಕಲಾ ಬರುತ್ತಾಳಾ ಅಂತ ಕೇಳಿದೆ.

“ಯಾರು? ಓ, ಆಕಿನಾ? ಪ್ರಾಜೆಕ್ಟ್ ಮುಗೀತಲ್ರಿ, ಆಕಿ ಕಾಂಟ್ರ್ಯಾಕ್ಟೂ ಮುಗೀತು.”

ಅವಳಿಗೇ ಫೋನ್ ಹಚ್ಚಿದೆ. ಗಂಗಾವತಿಯಲ್ಲಿ ಒಂದು ಕೀಟನಾಶಕದ ಅಂಗಡಿಯ ಕೌಂಟರಿನಲ್ಲಿ ಇದ್ದಾಳೆ. “ಇಲ್ಲೆ ಗಿಡ ಸೀಳಿ ನೋಡಾಕ ಟೈಮ್ ಕೊಡಂಗಿಲ್ರಿ ಸರ್,” ಅಂದಳು. “ಬಾಟ್ಲಿ ಖಾಲಿ ಆಗಬೇಕು, ಅಷ್ಟ.” ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡವ್ವನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದೆ.  ಅವಳು ಕೇಳಿದಳು, “ಹಂಗಾರ ಇನ್ನ ಮ್ಯಾಲೆ ಗಿಡ ಒಣಗಿದ್ರ ಯಾರಿಗೆ ತೋರಸೂದು ತಮ್ಮಾ?”

ನಿಮಗೆ ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ, ದೊಡ್ಡವ್ವ ಫೋನ್ ಇನ್ನೂ ಇಟ್ಟಿಲ್ಲ.